ಚಿನ್ನುವಿಗೆ ಗಾಡಿ ಕಟ್ಟಬಹುದೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿ ಚಿನ್ನುವಿಗೆ ಹದಿನಾಲ್ಕು ತಿಂಗಳು, ತೂಕ 27 ಕೆ.ಜಿ. ಹಿಮದ ಮೇಲೆ ನಾಯಿಗಳು ಬಂಡಿ ಎಳೆಯುವ ವಿಡಿಯೊ ನೋಡಿದ ಮೇಲೆ, ಚಿನ್ನುವಿಗೂ ಗಾಡಿ ಕಟ್ಟಿ ತಾನು ಕೂರಬೇಕೆಂದು ಒಂಬತ್ತು ವರ್ಷದ ಮಗ ಹಟ ಹಿಡಿದಿದ್ದಾನೆ. ಕಟ್ಟಬಹುದೇ? ಎಳೆಯಲು ಕಲಿಸಿದರೆ ವಾಕಿಂಗ್ ಹೋದಾಗಲೂ ನಮ್ಮನ್ನು ಎಳೆದಾಡುವುದಿಲ್ಲವೇ?
– ಓದುಗರೊಬ್ಬರು, ಹನುಮಂತನಗರ, ಬೆಂಗಳೂರು

ಉತ್ತರ: ಕಟ್ಟಬಹುದು. ಆದರೆ ಈಗಲೇ ಬೇಡ, ಮಗನನ್ನು ಕೂರಿಸುವುದಂತೂ ಬೇಡವೇ ಬೇಡ.

ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ನಾಯಿಗಳಲ್ಲಿ ಕಾಲಿನ ಮೂಳೆಯ ತುದಿ ಪೂರ್ತಿ ಬಲಿಯಲು ಒಂದೂವರೆ ವರ್ಷದವರೆಗೂ ಹಿಡಿಯಬಹುದು. ಅದಕ್ಕೆ ಮೊದಲು ಭಾರ ಹೊರಿಸಿದರೆ ಕೀಲಿಗೆ ಏಟು ಬೀಳುತ್ತದೆ. ಸೊಂಟದ ಕೀಲಿನ ದೋಷವೂ ಈ ತಳಿಯಲ್ಲಿ ಹೆಚ್ಚು. ಹದಿನೆಂಟು ತಿಂಗಳು ತುಂಬಿದ ಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ನಿಮ್ಮ ವೈದ್ಯರ ಬಳಿಯೋ ಎಕ್ಸ್‌ರೇ ತೆಗೆಸಿ. ಅವರು ಒಪ್ಪಿದರೆ ಮಾತ್ರ ಗಾಡಿಯ ಮಾತು.

ಅಲ್ಲಿಯವರೆಗೆ ಭಾರವಿಲ್ಲದ ಪಾಠ ನಡೆಯಲಿ. ನಮ್ಮೂರಲ್ಲಿ ಹೋರಿ ಪಳಗಿಸುವಾಗ ಅಜ್ಜ ಮೊದಲ ದಿನವೇ ಗಾಡಿಗೆ ಹೂಡುತ್ತಿರಲಿಲ್ಲ. ಬರೀ ನೊಗ ಹೊರಿಸಿ ಓಡಾಡಿಸಿ, ಆಮೇಲೆ ಕೊರಡು ಕಟ್ಟಿ ಎಳೆಸುತ್ತಿದ್ದರು. ನಾಯಿಗೂ ಅದೇ ದಾರಿ. ಎದೆಯ ಮೇಲೆ ಕೂರುವ, ಭುಜ ಆಡಲು ಬಿಡುವ ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ ಪಟ್ಟಿಗಳ ಜೋಡಣೆ) ತನ್ನಿ. ಕತ್ತಿನ ಪಟ್ಟಿಗೆ ಎಂದೂ ಭಾರ ಕಟ್ಟಬೇಡಿ, ಉಸಿರುನಾಳ ಒತ್ತುತ್ತದೆ. ಊಟದ ಹೊತ್ತಿಗೆ ಹಾರ್ನೆಸ್ ತೊಡಿಸಿ, ಊಟ ಮುಗಿದ ಕೂಡಲೇ ಬಿಚ್ಚಿ. ಒಂದು ವಾರದಲ್ಲಿ ಅದನ್ನು ಕಂಡರೆ ಬಾಲ ಆಡಿಸುತ್ತಾಳೆ. ಆಮೇಲೆ ಹಿಂದೆ ಬರೀ ಹಗ್ಗ, ನಂತರ ಹಗ್ಗದ ತುದಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿ.

ಬಾಟಲಿ ಏಕೆಂದರೆ, ನಾಯಿ ಹೆದರುವುದು ಭಾರಕ್ಕಲ್ಲ, ಬೆನ್ನ ಹಿಂದೆ ಅಟ್ಟಿಸಿಕೊಂಡು ಬರುವ ಸದ್ದಿಗೆ. ನನ್ನ ನಾಯಿ ಭೀಮನಿಗೆ ನಾನು ಅವಸರಪಟ್ಟು ಮೂರನೇ ದಿನವೇ ಎರಡು ಗಾಲಿಯ ಗಾಡಿ ಕಟ್ಟಿದೆ. ರಸ್ತೆಯ ಉಬ್ಬು ದಾಟುವಾಗ ಗಾಡಿ ಗಡಗಡ ಎಂದಿತು. ಅವನು ಕಿವಿ ಹಿಂದಕ್ಕೆ ಮಡಚಿ, ನಿಂತಿದ್ದ ಕಾರೊಂದರ ಕೆಳಗೆ ಗಾಡಿಯ ಸಮೇತ ನುಗ್ಗಿದ. ಬಿಡಿಸಿಕೊಳ್ಳುವಾಗ ಮೈಯೆಲ್ಲ ನಡುಗುತ್ತಿತ್ತು. ಮೂರು ತಿಂಗಳು ಹಾರ್ನೆಸ್ ಕೈಗೆತ್ತಿಕೊಂಡರೆ ಸಾಕು, ಮಂಚದಡಿ ಸೇರುತ್ತಿದ್ದ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಗಾಡಿಗೆ ಜಟಕಾದಂತೆ ಎರಡೂ ಬದಿಗೆ ಕೋಲಿರಲಿ. ಬರೀ ಹಗ್ಗ ಕಟ್ಟಿದರೆ ಇಳಿಜಾರಿನಲ್ಲಿ ಗಾಡಿ ಹಿಂಗಾಲಿಗೆ ಬಡಿಯುತ್ತದೆ. ಭಾರ ಗಾಲಿಯ ಅಚ್ಚಿನ ಮೇಲೆ ಕೂರಬೇಕು. ಮುಂಭಾರವಾದರೆ ಬೆನ್ನಿಗೆ ಕಷ್ಟ. ಗಾಡಿಯೂ ಸೇರಿ ಅವಳ ತೂಕದ ಅರ್ಧ ಮೀರದಿರಲಿ, ನಾನು ಇಟ್ಟುಕೊಂಡಿರುವ ಮಿತಿ ಅದು.

ವಾಕಿಂಗ್ ಬಗ್ಗೆ ಹೆದರಬೇಡಿ. ಕತ್ತಿನ ಪಟ್ಟಿ ಹಾಕಿದರೆ ಪಕ್ಕದಲ್ಲಿ ನಡಿಗೆ, ಹಾರ್ನೆಸ್ ಹಾಕಿದರೆ ಎಳೆತ. ನೀವು ಎರಡನ್ನೂ ಬೆರೆಸದಿದ್ದರೆ ನಾಯಿ ಸ್ಪಷ್ಟವಾಗಿ ಗುರುತಿಸುತ್ತದೆ. ‘ನಿಲ್ಲು’ ಎಂಬ ಮಾತನ್ನು ಮಾತ್ರ ಎಲ್ಲಕ್ಕಿಂತ ಮೊದಲು ಕಲಿಸಿ.

ವಿಡಿಯೊದ ನಾಯಿಗಳು ಓಡುವುದು ಕೊರೆಯುವ ಚಳಿಯಲ್ಲಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಕಾವು ಇಳಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಂತೂ ಬೆಂಗಳೂರಿನ ಡಾಂಬರು ಕಾದ ಕಾವಲಿ. ಅಂಗೈಯ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡ್ ಊರಿ ನೋಡಿ. ತಡೆಯಲಾಗದಿದ್ದರೆ ಅಂದು ಪಾಠವಿಲ್ಲ. ಬೆಳಗಿನ ಆರು ಗಂಟೆ, ಬೀದಿನಾಯಿಗಳ ಕಾಟವಿಲ್ಲದ ಮಣ್ಣಿನ ಮೈದಾನ, ಹತ್ತೇ ನಿಮಿಷ.

ಮಗನಿಗೆ ಒಂದು ಕಥೆ ಹೇಳಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿದಾಗ, ಇಪ್ಪತ್ತು ಮಂದಿ ನಾಯಿಬಂಡಿ ಹೂಡಿ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಸುಮಾರು 1,085 ಕಿ.ಮೀ. ದೂರ ಔಷಧ ತಲುಪಿಸಿದರು. ಏರು ಬಂದಾಗ ಬಂಡಿ ಹೊಡೆಯುವವರೂ ಇಳಿದು ನಾಯಿಗಳೊಂದಿಗೆ ಓಡುವುದು ಅಲ್ಲಿಯ ರೂಢಿ. ಆದ್ದರಿಂದ ಚಿನ್ನುವಿನ ಪಕ್ಕದಲ್ಲಿ ನಡೆಯುವುದು, ಹೊರಡುವ ಮುನ್ನ ಹಾರ್ನೆಸ್‌ನ ಪಟ್ಟಿ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಕಂಕುಳಿಗೆ ಬೆರಳು ಹಾಕಿ ನೋಡುವುದು, ನೀರಿನ ಬಟ್ಟಲು ಹಿಡಿಯುವುದು ಅವನ ಕೆಲಸ. ಮೊದಲ ಸವಾರಿಗೆ ಗಾಡಿಯಲ್ಲಿ ಎರಡು ತೆಂಗಿನಕಾಯಿ ಇಟ್ಟರೆ ಸಾಕು.