ಘಾಟಿಯ ಫೋಟೊ: ಅನುಮತಿ ಎಲ್ಲಿ ಬೇಕು, ಹಕ್ಕು ಯಾರದು?

ಪ್ರಶ್ನೆ: ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನು ಟ್ರೈನ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ) ರೂಟ್ ಆಗಿ ಮಾಡುತ್ತಿದ್ದೇನೆ. ಸುರಂಗ, ಸೇತುವೆಗಳ ಫೋಟೊಗಾಗಿ ಹಳಿಗುಂಟ ನಡೆಯಬಹುದೇ? ಪ್ಲಾಟ್‌ಫಾರಂ ಟಿಕೆಟ್ ಸಾಕೇ? – ಓದುಗರು, ಹಾಸನ

ಉತ್ತರ: ದಯವಿಟ್ಟು ನಡೆಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಿಂದೆ ಚಾರಣಿಗರು ‘ಗ್ರೀನ್ ರೂಟ್’ ಎಂದು ಇಲ್ಲಿ ಓಡಾಡುತ್ತಿದ್ದರೆಂಬುದು ಪರವಾನಗಿಯಾಗದು. ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ತಿರುವಿನಾಚೆಯಿಂದ ಗಾಡಿ ಬಂದರೆ ಸರಿದು ನಿಲ್ಲಲು ಎಲ್ಲೆಡೆ ಜಾಗವಿಲ್ಲ. ಪ್ಲಾಟ್‌ಫಾರಂ ಟಿಕೆಟ್ ಎರಡು ಗಂಟೆ ಪ್ಲಾಟ್‌ಫಾರಂ ಮೇಲಿರಲು ಮಾತ್ರ, ಹಳಿಗಿಳಿಯಲು ಅಲ್ಲ.

ಹಗಲಿನ ರೈಲಿನ ಕಿಟಕಿಯಿಂದಲೇ ಬಹುಪಾಲು ಕೆಲಸವಾಗುತ್ತದೆ. ಗಾಡಿ ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 8.3 ಮೀಟರ್ ಸಾಗುತ್ತದೆ. ಎರಡು ಸೆಕೆಂಡಿಗೊಂದು ಫೋಟೊ ತೆಗೆದರೆ ಸುಮಾರು 17 ಮೀಟರಿಗೊಂದು ಚಿತ್ರ ಸಿಗುತ್ತದೆ. ಶಟರ್ 1/1000 ಸೆಕೆಂಡಿಗಿಂತ ನಿಧಾನವಾದರೆ ಹತ್ತಿರದ ಕಲ್ಲುಗೋಡೆ ಕಲಸಿಹೋಗಿ ಟೆಕ್ಸ್ಚರ್‌ಗೆ (ಸಿಮ್ಯುಲೇಟರಿನ ಗೋಡೆ, ಸೇತುವೆಗಳ ಮೇಲೆ ಹೊದಿಸುವ ಚಿತ್ರಕ್ಕೆ) ಬಾರದು. ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು) ಹೊರಗಿನ ಬೆಳಕಿಗೆ ಲಾಕ್ ಮಾಡಿ, ಇಲ್ಲವಾದರೆ ಸುರಂಗ ದಾಟಿದೊಡನೆ ಮೊದಲ ಕೆಲವು ಚಿತ್ರಗಳು ಬೆಳ್ಳಗಾಗುತ್ತವೆ. ಗಾಜಿನ ಕಿಟಕಿಯಾದರೆ ಲೆನ್ಸ್ ಸುತ್ತ ಕಪ್ಪು ಬಟ್ಟೆ ಹಿಡಿಯಿರಿ. ಬಿಸಿಲಿಗಿಂತ ಮೋಡದ ದಿನ ಒಳ್ಳೆಯದು: ಫೋಟೊದಲ್ಲೇ ಉಳಿದ ನೆರಳು ಸಿಮ್ಯುಲೇಟರಿನ ಸೂರ್ಯನ ದಿಕ್ಕಿಗೆ ಹೊಂದುವುದಿಲ್ಲ. ಅಳತೆಗೆ ಬೇರೇನೂ ಬೇಡ, ಚಿತ್ರದಲ್ಲಿ ಹಳಿ ಕಂಡರೆ ಸಾಕು. ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ ಎಲ್ಲೆಡೆ 1676 ಮಿ.ಮೀ. ಬಾಗಿಲ ಮೆಟ್ಟಿಲ ಮೇಲೆ ನಿಂತು ತೆಗೆಯುವುದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ರೂಟನ್ನು ಹಣಕ್ಕೆ ಮಾರುವುದಾದರೆ?

ಉತ್ತರ: ಆಗ ಚಿತ್ರೀಕರಣ ವಾಣಿಜ್ಯ ಉದ್ದೇಶದ್ದು. ಸ್ಟೇಷನ್ ಮಾಸ್ಟರ್ ಬಾಯಿಮಾತಿನಲ್ಲಿ ಹೂಂ ಎಂದರೆ ಸಾಲದು. ಈ ಮಾರ್ಗ ನೈಋತ್ಯ ರೈಲ್ವೆಯದು. ಹುಬ್ಬಳ್ಳಿಯ ಕೇಂದ್ರ ಕಚೇರಿಯ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿಗೆ ಮುಂಚೆಯೇ ಬರೆಯಿರಿ. ನಿಲ್ದಾಣ, ದಿನಾಂಕ, ಜನರ ಸಂಖ್ಯೆ, ಕ್ಯಾಮೆರಾ, ಉದ್ದೇಶ ಎಲ್ಲವನ್ನೂ ನಮೂದಿಸಿ. ಬೋಗಿಗಳ ಮೇಲಿನ ರೈಲ್ವೆ ಲಾಂಛನದ ಬಳಕೆಯನ್ನೂ ಅದರಲ್ಲೇ ಕೇಳಿ. ಅನುಮತಿ ಪತ್ರದ ಪ್ರತಿ ಜೇಬಿನಲ್ಲಿರಲಿ. ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಸಿಬ್ಬಂದಿ ಕೇಳಿದಾಗ ತೋರಿಸಬೇಕಾಗುತ್ತದೆ.

ಪ್ರಶ್ನೆ: ಗೆಳೆಯರೊಬ್ಬರು ತಮ್ಮ ಫೋಟೊಗಳನ್ನು ಕೊಟ್ಟಿದ್ದಾರೆ. ಅವರ ಹೆಸರು ಹಾಕಿದರೆ ಸಾಕಲ್ಲವೇ? – ಓದುಗರು, ಪುತ್ತೂರು

ಉತ್ತರ: ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಪರವಾನಗಿ ಲಿಖಿತವಾಗಿಯೇ ಇರಬೇಕು. ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ನಿಮ್ಮ ರೂಟನ್ನು ಜರ್ಮನಿಯಲ್ಲಿ ಕುಳಿತವರೂ ಇಳಿಸಿಕೊಳ್ಳಬಹುದು. ಹಾಗಾಗಿ ‘ಜಗತ್ತಿನಾದ್ಯಂತ, ಹಕ್ಕಿನ ಪೂರ್ಣ ಅವಧಿಗೆ, ಕತ್ತರಿಸಿ ತಿದ್ದಿ ಟೆಕ್ಸ್ಚರ್ ಮಾಡಲು’ ಎಂದು ಬರೆಸಿ, ಫೈಲ್‌ಗಳ ಪಟ್ಟಿ ಲಗತ್ತಿಸಿ.

ಆ ಫೋಟೊಗಳಲ್ಲಿ ನಿಲ್ದಾಣದ ಗೋಡೆಚಿತ್ರಗಳಿವೆಯೇ ನೋಡಿ. ಕಟ್ಟಡದ ಫೋಟೊ ತೆಗೆದು ಪ್ರಕಟಿಸಲು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಫೋಟೊ ಪ್ರಕಟಿಸಲು 52ನೇ ಕಲಮಿನಲ್ಲಿ ವಿನಾಯಿತಿ ಇದೆ; ಗೋಡೆಗೆ ಬಣ್ಣದಲ್ಲಿ ಬರೆದ ಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಗೋಡೆಚಿತ್ರ, ಜಾಹೀರಾತು ಫಲಕಗಳನ್ನು ಅಳಿಸಿ, ಆ ಜಾಗಕ್ಕೆ ಪಕ್ಕದ ಬರಿಗೋಡೆಯ ಟೆಕ್ಸ್ಚರ್ ತುಂಬಿ. ಪ್ರಯಾಣಿಕರ ಮುಖಗಳನ್ನೂ ಅಳಿಸಿ.