ಸಂಪಾದಕರ ಉತ್ತರ: ಬಿಲ್ಲು ಕೂಡಬೇಡಿ, ಗೋಡೆ ಅಳೆಯಿರಿ

ಪ್ರೌಢಶಾಲೆಯ ಕಟ್ಟಡವನ್ನು ಪೂರ್ತಿ ಕಟ್ಟಿಸಿದವರು ಗುತ್ತಿಗೆದಾರರಾಗಿದ್ದ ನಿಮ್ಮ ಅಜ್ಜನವರೇ ಎಂದು ಬರೆದಿದ್ದೀರಿ. ಟ್ರಂಕಿನಲ್ಲಿರುವ ಬಿಲ್ಲುಗಳ ಇಟ್ಟಿಗೆ ಕೆಲಸವನ್ನೆಲ್ಲ ಕೂಡಿದರೆ ಈಗಿರುವ ಕಟ್ಟಡದ ಎರಡು ಪಟ್ಟು ಬರುತ್ತದೆ, ಅದು ಹೇಗೆ ಎಂಬುದು ನಿಮ್ಮ ಒಂದು ಪ್ರಶ್ನೆ. ಹಿಂಭಾಗದ ಕೊಠಡಿಗಳ ಪ್ಲಾಸ್ಟರ್ ಚಕ್ಕೆ ಚಕ್ಕೆಯಾಗಿ ಉದುರುತ್ತಿರುವುದೇಕೆ ಎಂಬುದು ಇನ್ನೊಂದು.

ಮೊದಲನೆಯದರಲ್ಲಿ ಮೋಸವೇನೂ ಇಲ್ಲ. ರನ್ನಿಂಗ್ ಬಿಲ್ಲಿನಲ್ಲಿ, ಅಂದರೆ ಕೆಲಸ ನಡೆಯುತ್ತಿರುವಾಗಲೇ ಕಂತಿನ ಹಣಕ್ಕೆ ಕೊಡುವ ಬಿಲ್ಲಿನಲ್ಲಿ, ಆ ದಿನದವರೆಗಿನ ಒಟ್ಟು ಕೆಲಸ ಬರೆದು, ಹಿಂದೆ ಪಾವತಿಯಾದದ್ದನ್ನು ಕೆಳಗೆ ಕಳೆಯುವುದು ರೂಢಿ. ಮೂರನೇ ಬಿಲ್ಲಿನೊಳಗೆ ಮೊದಲಿನ ಎರಡೂ ಇರುತ್ತವೆ. ಮೂರನ್ನೂ ಕೂಡಿದರೆ ಅದೇ ಗೋಡೆ ಮತ್ತೆ ಮತ್ತೆ ಎಣಿಕೆಗೆ ಬರುತ್ತದೆ. ಅಂತಿಮ ಬಿಲ್ಲು ಒಂದನ್ನೇ ಹಿಡಿಯಿರಿ.

ಆಮೇಲೆ, ಮಾಡಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕ. ಸಂಖ್ಯೆ, ಉದ್ದ, ಅಗಲ, ಎತ್ತರ, ಪರಿಮಾಣ ಎಂದು ಕಾಲಂಗಳಿರುತ್ತವೆ. 30 ಅಡಿ ಉದ್ದ, ಒಂದೂವರೆ ಅಡಿ ದಪ್ಪ, 12 ಅಡಿ ಎತ್ತರದ ಗೋಡೆ ಎಂದರೆ 540 ಘನ ಅಡಿ. ಅದರಲ್ಲಿ 4×7 ಅಡಿಯ ಒಂದು ಬಾಗಿಲಿಗೆ 42, 4×4½ ಅಡಿಯ ಎರಡು ಕಿಟಕಿಗೆ 54 ಕಳೆದರೆ 444. ಕುಟುಂಬದ ಮಾತನ್ನು ಒರೆಗೆ ಹಚ್ಚಲು ಈ ‘ಕಳೆ’ ಸಾಲುಗಳಷ್ಟು ಉಪಯೋಗದ್ದು ಬೇರೊಂದಿಲ್ಲ. ಗೋಡೆಯ ಉದ್ದ ಎಷ್ಟೋ ಕೊಠಡಿಗಳಲ್ಲಿ ಒಂದೇ ಇರಬಹುದು, ಬಾಗಿಲು ಕಿಟಕಿಗಳ ಜೋಡಣೆ ಹಾಗಲ್ಲ. ಟೇಪು ಹಿಡಿದು ಕೊಠಡಿ ಕೊಠಡಿಗೂ ತಾಳೆ ನೋಡಿ. ತಾಳೆಯಾಗದ ಕೊಠಡಿಗಳನ್ನು ಬೇರೆಯವರು ಆಮೇಲೆ ಸೇರಿಸಿರಬಹುದು, ಇಲ್ಲವೇ ಕಿಟಕಿ ಮುಚ್ಚಿ ಬಾಗಿಲು ಮಾಡಿರಬಹುದು. ಅಂಥಲ್ಲಿ ಪ್ಲಾಸ್ಟರಿನ ಮೇಲೆ ಹಳೆಯ ಕಿಟಕಿಯ ಅಂಚಿಗೆ ಸರಿಯಾಗಿ ನೆಟ್ಟನೆಯ ಬಿರುಕು ಕಾಣುವುದುಂಟು.

ಕೂಲಿಯವರ ಹಾಜರಿ ಪಟ್ಟಿಯಾದ ಮಸ್ಟರ್ ರೋಲನ್ನೂ ಬಿಡಬೇಡಿ. ಗಾರೆ ಹೊತ್ತ ಹೆಂಗಸರ ಹೆಸರುಗಳು, ಹೆಬ್ಬೆಟ್ಟಿನ ಗುರುತುಗಳು ಸಿಕ್ಕರೆ ಅಲ್ಲೇ ಸಿಗಬೇಕು. ನಿಮ್ಮ ಅಜ್ಜಿಯ ಹೆಸರೂ ಇದ್ದೀತು.

ಪ್ಲಾಸ್ಟರಿನ ಉತ್ತರವೂ ಬಹುಶಃ ಅದೇ ಅಂತಿಮ ಬಿಲ್ಲಿನಲ್ಲಿದೆ. ಕೆಲಸದ ವಿವರಣೆಯಲ್ಲಿ ‘ಸುಣ್ಣದ ಗಾರೆಯ ಇಟ್ಟಿಗೆ ಕೆಲಸ’ ಎಂದಿದ್ದು, ಈಗ ಮೇಲಿರುವುದು ಸಿಮೆಂಟ್ ಪ್ಲಾಸ್ಟರ್ ಆಗಿದ್ದರೆ ಅನುಮಾನ ಅಲ್ಲಿಗೇ ಹೋಗಬೇಕು. ಸುಣ್ಣದ ಗೋಡೆ ಹೀರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಪದರ ಅದಕ್ಕೆ ಅಡ್ಡ ನಿಲ್ಲುತ್ತದೆ. ತೇವದಲ್ಲಿ ಕರಗಿದ ಉಪ್ಪು ಆ ಪದರದ ಹಿಂದೆ ಹರಳುಗಟ್ಟಿ ಪ್ಲಾಸ್ಟರನ್ನು ಹೊರಕ್ಕೆ ನೂಕುತ್ತದೆ. ವಿನಿಗರ್ ಹನಿಸಿ ನೊರೆ ಬಂದರೆ ಸುಣ್ಣ ಎಂಬ ಪರೀಕ್ಷೆಯನ್ನು ನಂಬಬೇಡಿ, ಹಳೆಯ ಸಿಮೆಂಟೂ ನೊರೆ ಬಿಡುತ್ತದೆ.

ರಿಪೇರಿಗೆ ಮುನ್ನ ನೀರಿನ ಮೂಲ ಹುಡುಕಿ: ಒಡೆದ ಮಳೆನೀರಿನ ಕೊಳವೆ, ಅಥವಾ ವರ್ಷಗಟ್ಟಲೆ ಮಣ್ಣು ತುಂಬಿ ತಳಪಾಯದ ತೇವತಡೆ ಪದರಕ್ಕಿಂತ ಮೇಲೆ ಬಂದ ಅಂಗಳ. ಅದನ್ನು ಸರಿಪಡಿಸದೆ ಏನು ಬಳಿದರೂ ದಂಡ. ಆಮೇಲೆ ಸಿಮೆಂಟ್ ಪದರವನ್ನು ಉಳಿ ಸುತ್ತಿಗೆಯಿಂದ ತೆಗೆಸಿ (ಯಂತ್ರ ಬೇಡ, ಮೆತ್ತಗಿನ ಇಟ್ಟಿಗೆಯ ಮೈಯೇ ಕಿತ್ತುಬರುತ್ತದೆ), ಗೋಡೆ ಒಣಗಲು ತಿಂಗಳುಗಳೇ ಬೇಕಾದರೂ ಬಿಡಿ. ಸಂದುಗಳನ್ನು ಅವುಗಳ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳಿನ ಗಾರೆ ತುಂಬಿಸಿ. ಪ್ಲಾಸ್ಟರನ್ನೂ ಸುಣ್ಣದಲ್ಲೇ ಮಾಡಿಸಿ, ಒಂದು ಪದರ 10–12 ಮಿಲಿಮೀಟರ್ ಮೀರದಿರಲಿ. ಬಿಸಿಲಿಗೆ ಬಿರಿಯದಂತೆ ಒದ್ದೆ ಗೋಣಿ ಇಳಿಬಿಡಿ.

ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಪಟ್ಟಿಯನ್ನೂ ಹಚ್ಚಬೇಡಿ. ತುಕ್ಕು ಹಿಡಿದ ಗುಂಡುಪಿನ್ನು ತೆಗೆದು, ಎಲ್ಲ ಪುಟಗಳ ಫೋಟೋ ತೆಗೆದಿಟ್ಟು, ನಕಲನ್ನು ಮಾತ್ರ ಶಾಲೆಗೆ ಕೊಡಿ.