ಹಿಮದ ನಾಡಿನಲ್ಲಿ ಆಫ್ರಿಕನ್ ವಯೋಲೆಟ್: ನೀರು ನಿಲ್ಲಿಸಿ, ಕಿಟಕಿ ಬಿಡಿಸಿ

ನಮಸ್ಕಾರ. ನಿಮ್ಮ ಫೋಟೋ ನೋಡಿದೆ. ಅಕ್ಟೋಬರ್‌ನಲ್ಲಿ ತಂದ ಮೂರು ಆಫ್ರಿಕನ್ ವಯೋಲೆಟ್ (ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಪುಟ್ಟ ಹೂಗಿಡ) ಈಗ ಡಿಸೆಂಬರ್‌ನಲ್ಲಿ ಜೋತುಬಿದ್ದಿವೆ. ಎರಡು ದಿನಕ್ಕೊಮ್ಮೆ ನೀರು ಹಾಕಿದರೂ ಎದ್ದು ನಿಲ್ಲುತ್ತಿಲ್ಲ. ಒಂದರ ನಡುಭಾಗ ಮೆತ್ತಗಾಗಿದೆ, ಎಲೆಗಳ ಮೇಲೆ ಉಂಗುರದಂಥ ಕಲೆ ಬಂದಿದೆ, ಜೊತೆಗೆ ಕರಿಬೇವು ಬೋಳಾಗಿದೆ. ಮನೆಯಲ್ಲಿ 70 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 21 ಸೆಲ್ಸಿಯಸ್) ಇದ್ದರೂ ಹೀಗ್ಯಾಕೆ ಅಂತ ಕೇಳಿದ್ದೀರಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನನಗಿದು ಹನ್ನೊಂದನೇ ಚಳಿಗಾಲ. ಮೊದಲ ವರ್ಷ ಏಳು ಗಿಡ ಕೊಂದವಳು ನಾನು. ಆ ಅನುಭವದಿಂದ ಹೇಳುತ್ತೇನೆ, ಇವತ್ತಿನಿಂದಲೇ ನೀರು ನಿಲ್ಲಿಸಿ.

ಆ 70 ಡಿಗ್ರಿ ಇರುವುದು ಹಾಲ್‌ನ ಗೋಡೆ ಮೇಲಿನ ಥರ್ಮೋಸ್ಟಾಟ್‌ನಲ್ಲಿ. ನಿಮ್ಮ ಗಿಡ ಇರುವುದು ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ. ರಾತ್ರಿ ಮಲಗುವ ಮುಂಚೆ ಪರದೆ ಎಳೀತೀರಿ ಅಲ್ವಾ? ಪರದೆಯ ಈಚೆ ನೀವು ಬೆಚ್ಚಗಿರುತ್ತೀರಿ. ಪರದೆಗೂ ಗಾಜಿಗೂ ನಡುವೆ ಗಿಡ ಸಿಕ್ಕಿಕೊಂಡಿರುತ್ತದೆ, ಮನೆಯ ಬಿಸಿ ಅದಕ್ಕೆ ತಲುಪುವುದೇ ಇಲ್ಲ. ನಾನೂ ಇದನ್ನೇ ಮಾಡಿದ್ದೆ. ಏಳನೇ ಗಿಡ ಹೋದ ಮೇಲೆ ಬುದ್ಧಿ ಬಂತು. ಒಂದು ಅಗ್ಗದ ಥರ್ಮಾಮೀಟರನ್ನು ಕುಂಡದ ಪಕ್ಕ ಇಟ್ಟು ಬೆಳಗ್ಗೆ ಐದಕ್ಕೆ ನೋಡಿದೆ. ಹಾಲ್‌ನಲ್ಲಿ 68, ಅಲ್ಲಿ 47! ಅಂದರೆ ಸುಮಾರು 8 ಡಿಗ್ರಿ ಸೆಲ್ಸಿಯಸ್. ಆಫ್ರಿಕನ್ ವಯೋಲೆಟ್‌ಗೆ 18ರಿಂದ 24 ಸೆಲ್ಸಿಯಸ್ ಹಿತ. 15ಕ್ಕಿಂತ ಕೆಳಗೆ ಹೋದರೆ ಬೆಳವಣಿಗೆ ನಿಂತಂತೆ. 10ಕ್ಕಿಂತ ಕೆಳಗೆ ಏಟು ಬೀಳುತ್ತದೆ.

ಬೇರು ತಣ್ಣಗಾದರೆ ನೀರು ಎಳೆಯುವುದಿಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ. ಪಾಪ ಬಾಯಾರಿದೆ ಅಂತ ನಾವು ಇನ್ನಷ್ಟು ಸುರಿಯುತ್ತೇವೆ. ತಣ್ಣನೆ ಒದ್ದೆ ಮಣ್ಣಲ್ಲಿ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲ, ಎಲೆ ಇನ್ನೂ ಬಾಡುತ್ತದೆ, ನಾವು ಮತ್ತೆ ಚೊಂಬು ಹಿಡಿಯುತ್ತೇವೆ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ ಅಂತ ನನಗೆ ಅನ್ನಿಸುತ್ತದೆ.

ಈ ಗಿಡಕ್ಕೆ ಚಳಿಗಾಲ ಅಂದರೇನು ಅಂತಲೇ ಗೊತ್ತಿಲ್ಲ. ಇದರ ಮೂಲ ಟಾಂಜಾನಿಯಾ ಮತ್ತು ಕೀನ್ಯಾ. ಟಾಂಜಾನಿಯಾದ ಉಸಾಂಬರ ಬೆಟ್ಟಗಳ ಕಾಡಿನಿಂದ 1892ರಲ್ಲಿ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಇದನ್ನು ತನ್ನ ತಂದೆಗೆ ಕಳಿಸಿದ. ಆ ಮನೆತನದ ಹೆಸರಲ್ಲೇ ಸೇಂಟ್‌ಪಾಲಿಯಾ ಅಂತ ಕರೆದರು. ಈಗ ಸಸ್ಯಶಾಸ್ತ್ರದವರು ಸ್ಟ್ರೆಪ್ಟೊಕಾರ್ಪಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ, ಲೇಬಲ್‌ನಲ್ಲಿ ಎರಡರಲ್ಲಿ ಯಾವುದಿದ್ದರೂ ಗಾಬರಿಯಾಗಬೇಡಿ. ಆ ಬೆಟ್ಟ ಸಮಭಾಜಕದಿಂದ ಐದೇ ಡಿಗ್ರಿ ದೂರ. ವರ್ಷವಿಡೀ ಸುಮಾರು ಹನ್ನೆರಡು ಗಂಟೆ ಹಗಲು. ಮರದ ನೆರಳಲ್ಲಿ, ಬಂಡೆ ಸಂದಿಯಲ್ಲಿ, ಒಂದು ಹಿಡಿ ಪಾಚಿ ಮಣ್ಣಲ್ಲಿ ಬೇರು ಬಿಟ್ಟು ಬದುಕುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಮಳೆಗಾಲದಲ್ಲಿ ಒದ್ದೆ ಬಂಡೆಗೆ ಅಂಟಿಕೊಂಡು ಹೂ ಬಿಡುವ ಇದರ ದಾಯಾದಿಗಳಿವೆ. ಅಂಥದ್ದನ್ನು ಒಂಬತ್ತು ಗಂಟೆಯೂ ಹಗಲಿಲ್ಲದ ಡಿಸೆಂಬರ್‌ಗೆ, ಹೊರಗೆ ಮೈನಸ್ 25 ಇರುವ ಕಿಟಕಿಗೆ ತಂದು ಇಟ್ಟಿದ್ದೇವೆ.

ಈಗ ಕೆಲಸಕ್ಕೆ ಬನ್ನಿ. ಮೂರೂ ಕುಂಡಗಳನ್ನು ಕಿಟಕಿಯಿಂದ ತೆಗೆದು ಊಟದ ಮೇಜಿನ ಮೇಲಿಡಿ. ಹೀಟರ್ ಪಕ್ಕ ಬೇಡ, ನೆಲದ ವೆಂಟ್‌ನಿಂದ ಬಿಸಿಗಾಳಿ ಹೊಡೆಯುವ ಕಡೆಯೂ ಬೇಡ. ಆಮೇಲೆ ಒಂದೊಂದನ್ನೇ ಕುಂಡದಿಂದ ಮೆಲ್ಲಗೆ ಹೊರಗೆ ತೆಗೆದು ಬೇರು ನೋಡಿ. ಬಿಳಿ ಅಥವಾ ಕೆನೆ ಬಣ್ಣ ಇದ್ದು ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಅದನ್ನು ಹಳೇ ನ್ಯೂಸ್‌ಪೇಪರ್ ಮೇಲೆ ಎರಡು ಗಂಟೆ ಇಡಿ, ಜಾಸ್ತಿ ನೀರನ್ನು ಕಾಗದ ಹೀರುತ್ತದೆ. ವಾಪಸ್ ಕುಂಡಕ್ಕೆ ಹಾಕಿ ಸುಮ್ನೆ ಬಿಡಿ.

ಬೇರು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ಒಳಗೆ ದಾರ ಮಾತ್ರ ಉಳಿಯುವಂತಿದ್ದರೆ ಕೊಳೆತಿದೆ ಅಂತ ಅರ್ಥ. ಚೂಪಾದ ಚಾಕು ತಗೊಂಡು ಕಾಂಡವನ್ನು ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆಯೂ ಇಲ್ಲದೆ ಪೂರ್ತಿ ಹಸಿರು ಕಾಣುವವರೆಗೆ. ಹಸಿರು ಸಿಕ್ಕಿದರೆ ಕೆಳಗಿನ ಎರಡು ಸುತ್ತು ಎಲೆ ಕಿತ್ತು, ಆ ತುದಿಯನ್ನು ಕುಂಡಕ್ಕೆ ಹಾಕುವ ಹೊಸ ಮಣ್ಣಿನ ಮಿಶ್ರಣದಲ್ಲಿ ಊರಿ, ಇಡೀ ಕುಂಡವನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ. ಒಂದು ತಿಂಗಳಲ್ಲಿ ಬೇರು ಬರಬೇಕು.

ನಡು ಮೆತ್ತಗಾಗಿರುವ ಆ ಬಿಳಿ ಹೂವಿನ ಗಿಡದ ಬಗ್ಗೆ ನನಗೆ ಆಸೆ ಇಲ್ಲ. ಆದರೆ ಎಸೀಬೇಡಿ ಕಣ್ರೀ! ಹೊರಸುತ್ತಿನ ಮುದಿ ಎಲೆ ಬಿಟ್ಟು ಮಧ್ಯದ ಸುತ್ತಿನ ಎರಡು ಮೂರು ಗಟ್ಟಿ ಎಲೆ ತೆಗೆಯಿರಿ. ತೊಟ್ಟು ಒಂದೂವರೆ ಇಂಚು ಉಳಿಸಿ ಓರೆಯಾಗಿ ಕತ್ತರಿಸಿ. ತಳಕ್ಕೆ ತೂತು ಮಾಡಿದ ಮೊಸರಿನ ಕಪ್‌ನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಬೆಚ್ಚಗಿನ ಬೆಳಕಿರುವ ಕಡೆ ಇಡಿ. ಮೂರು ನಾಲ್ಕು ವಾರಕ್ಕೆ ಬೇರು, ಎರಡು ಮೂರು ತಿಂಗಳಿಗೆ ಬುಡದಲ್ಲಿ ಇಲಿ ಕಿವಿಯಂಥ ಮರಿ ಎಲೆ. ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ. ನನ್ನ ಮಗ ಹಾಗೆ ಎಳೆದೆಳೆದೇ ಮೂರು ಎಲೆ ಸಾಯಿಸಿದ.

ಎಲೆ ಮೇಲಿನ ಉಂಗುರಗಳು ರೋಗ ಅಲ್ಲ. ನಲ್ಲಿಯ ನೀರು ಈಗ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಬೆಚ್ಚಗಿನ ಎಲೆಗೆ ಅದು ತಾಗಿದರೆ ಒಳಗಿನ ಜೀವಕೋಶ ಸತ್ತು ಆ ಜಾಗ ಬಿಳಿಚಿಕೊಳ್ಳುತ್ತದೆ. ಬಂದ ಕಲೆ ಹೋಗುವುದಿಲ್ಲ, ಹೊಸ ಎಲೆ ಚೆನ್ನಾಗಿ ಬರುತ್ತದೆ ಅಷ್ಟೇ. ನಿಮ್ಮ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು ನೀರಿನ ಬದಲು ವಾರಕ್ಕೊಂದು ಐಸ್ ಕ್ಯೂಬ್ ಇಡಿ ಅಂದಿದ್ದಾರೆ. ಬೇರೆ ಗಿಡಕ್ಕೆ ಏನಾದರೂ ಮಾಡಿಕೊಳ್ಳಲಿ, ಇದಕ್ಕೆ ಮಾತ್ರ ದಯವಿಟ್ಟು ಬೇಡ. ಉಗುರುಬೆಚ್ಚಗಿನ ನೀರನ್ನು ತಟ್ಟೆಗೆ ಹಾಕಿ, ಅರ್ಧ ಗಂಟೆ ಕೆಳಗಿನಿಂದ ಹೀರಲು ಬಿಡಿ, ಉಳಿದಿದ್ದನ್ನು ಚೆಲ್ಲಿ. ಎಷ್ಟು ದಿನಕ್ಕೊಮ್ಮೆ ಅಂತ ಕ್ಯಾಲೆಂಡರ್ ನೋಡಬೇಡಿ, ಕುಂಡ ಎತ್ತಿ ನೋಡಿ. ಖಾಲಿ ಕಪ್‌ನ ಹಾಗೆ ಹಗುರ ಅನ್ನಿಸಿ, ಮೇಲಿನ ಮಣ್ಣು ಒಣಗಿದ್ದರೆ ಆಗ ನೀರು. ಚಳಿಗಾಲದಲ್ಲಿ ನನ್ನ ಮನೆಯಲ್ಲಿ ಅದು ಹತ್ತು ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ.

ಇನ್ನೊಂದು. ನಿಮ್ಮ ಮನೆಯಲ್ಲಿ ಗಡಸು ನೀರನ್ನು ಮೆದು ಮಾಡುವ ವಾಟರ್ ಸಾಫ್ಟ್‌ನರ್ ಇದ್ದರೆ ಆ ನೀರು ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ. ಹಿತ್ತಲಿನ ಹಿಮವನ್ನು ಬಕೆಟ್‌ನಲ್ಲಿ ತುಂಬಿ ಒಳಗಿಟ್ಟರೆ ಮಾರನೇ ದಿನಕ್ಕೆ ಒಳ್ಳೆ ನೀರು, ಬಿಟ್ಟಿ. ಉಪ್ಪು ಎರಚಿದ ರಸ್ತೆ ಬದಿಯದ್ದು ಮಾತ್ರ ತರಬೇಡಿ. ಹಿಮದ ನೀರು ಪೂರ್ತಿ ಬೆಚ್ಚಗಾಗುವವರೆಗೆ ಕಾಯುವುದನ್ನೂ ಮರೀಬೇಡಿ.

ಬೆಳಕಿಗೆ ನಾನು ಕಿಟಕಿಯನ್ನು ನಂಬುವುದನ್ನೇ ಬಿಟ್ಟೆ. ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಸಾದಾ ಎಲ್‌ಇಡಿ ಲೈಟ್ ಸಾಕು, ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. ಎಲೆಯಿಂದ ಒಂದಡಿ ಮೇಲೆ ತೂಗುಹಾಕಿ, ಟೈಮರ್‌ನಲ್ಲಿ ಹನ್ನೆರಡು ಗಂಟೆ ಇಡಿ. ರಾತ್ರಿ ಕತ್ತಲು ಬೇಕೇ ಬೇಕು. ಎಲೆಗಳು ತೊಟ್ಟು ಉದ್ದ ಮಾಡಿಕೊಂಡು ಮೇಲಕ್ಕೆ ಚಾಚಿದರೆ ಬೆಳಕು ಸಾಲದು. ನಡುಭಾಗ ಬಿಗಿಯಾಗಿ ಎಲೆಗಳು ಕುಂಡವನ್ನು ತಬ್ಬಿಕೊಂಡರೆ ಜಾಸ್ತಿಯಾಯಿತು. ಕಿಟಕಿಯೇ ಗತಿ ಅಂದರೆ ಈ ಊರಲ್ಲಿ ಫೆಬ್ರವರಿವರೆಗೆ ದಕ್ಷಿಣದ ಕಿಟಕಿಯೂ ನಡೆಯುತ್ತದೆ. ಎಲೆ ಗಾಜಿಗೆ ತಾಗದಿರಲಿ, ಕಟ್ಟೆ ಮೇಲೆ ಥರ್ಮೋಕೋಲ್ ತುಂಡು ಹಾಕಿ ಅದರ ಮೇಲೆ ಕುಂಡ ಇಡಿ, ಸಂಜೆ ಪರದೆ ಎಳೆಯುವ ಮುಂಚೆ ಎತ್ತಿ ಒಳಗಿಡಿ. ನಿತ್ಯ ಮಾಡಬೇಕಾದ ಕೆಲಸ ಇದು, ನನ್ನ ಕೈಲಿ ಆಗಲಿಲ್ಲ.

ಮನೆ ಬಿಸಿ ಮಾಡುವ ಫರ್ನೇಸ್ ಓಡಲು ಶುರುವಾದರೆ ಮನೆಯೊಳಗಿನ ತೇವಾಂಶ 20 ಶೇಕಡಾಕ್ಕೂ ಇಳಿಯುತ್ತದೆ. ನಮ್ಮ ತುಟಿ ಒಡೆಯುವ ಹಾಗೆಯೇ ಮೊಗ್ಗುಗಳು ಅರಳದೆ ಒಣಗುತ್ತವೆ. ತೇವಕ್ಕೆ ಕಲ್ಲು, ನೀರು ತುಂಬಿದ ತಟ್ಟೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮೀಟರ್ ಇಟ್ಟು ನೋಡಿದ್ದೇನೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಿಡಗಳನ್ನೆಲ್ಲ ಒಟ್ಟಿಗಿಡಿ, ಸಾಧ್ಯವಾದರೆ ಗಾಳಿಗೆ ತೇವ ಕೊಡುವ ಒಂದು ಸಣ್ಣ ಹ್ಯುಮಿಡಿಫೈಯರ್ ತನ್ನಿ, ಮನೆಯವರಿಗೂ ಒಳ್ಳೆಯದು. ಎಲೆಗೆ ನೀರು ಚಿಮುಕಿಸಬೇಡಿ. ರೋಮ ಇರುವ ಎಲೆ, ಹನಿ ಹಾಗೇ ನಿಲ್ಲುತ್ತದೆ.

ಬತ್ತಿ ಹಾಕಿ ನೀರುಣಿಸುವ ವಿಧಾನವನ್ನೂ ಕೇಳಿದ್ದೀರಿ, ಅಂದರೆ ಬತ್ತಿಯ ಒಂದು ತುದಿ ಕುಂಡದ ಮಣ್ಣಲ್ಲಿ, ಇನ್ನೊಂದು ಕೆಳಗಿನ ನೀರಲ್ಲಿ. ಹತ್ತಿ ನೂಲಿನ ಬತ್ತಿ ಕೊಳೆಯುತ್ತದೆ, ಅಕ್ರಿಲಿಕ್ ಉಲ್ಲನ್ ದಾರ ಬಳಸಿ. ಮಣ್ಣಿನ ಮಿಶ್ರಣದಲ್ಲಿ ಅರ್ಧದಷ್ಟು ಪರ್ಲೈಟ್ (ಹಗುರವಾದ ಬಿಳಿ ಹರಳು) ಇರಲೇಬೇಕು, ಇಲ್ಲದಿದ್ದರೆ ಕುಂಡ ಕೆಸರಾಗುತ್ತದೆ. ಬೆಚ್ಚಗಿನ ಲೈಟ್ ಕೆಳಗಿನ ಗಿಡಗಳಿಗೆ ಬತ್ತಿ ಚೆನ್ನ. ಕಿಟಕಿಯ ಗಿಡಕ್ಕೆ ಈಗ ಬತ್ತಿ ತೆಗೆದುಬಿಡಿ. ಗೊಬ್ಬರವೂ ಅಷ್ಟೇ: ಲೈಟ್ ಕೆಳಗೆ ಬೆಳೆಯುತ್ತಿದ್ದರೆ ಡಬ್ಬಿ ಮೇಲೆ ಬರೆದಿದ್ದರ ಕಾಲು ಭಾಗ, ಸುಮ್ನೆ ಕೂತಿದ್ದರೆ ಬೇಡವೇ ಬೇಡ. ಮಣ್ಣಿನ ಮೇಲೆ ಹಾರುವ ಸಣ್ಣ ನೊಣ ಕಂಡರೆ ನೀರು ಜಾಸ್ತಿಯಾಗಿದೆ ಅಂತಲೇ ಲೆಕ್ಕ. ಹಳದಿ ಅಂಟು ಕಾಗದ ಸಿಕ್ಕಿಸಿ, ಮಣ್ಣು ಒಣಗಲು ಬಿಡಿ.

ಇದರ ಬಂಧುಗಳಲ್ಲಿ ಎಪಿಸಿಯಾ ಇನ್ನೂ ನಾಜೂಕು, 60 ಫ್ಯಾರನ್‌ಹೀಟ್‌ಗಿಂತ (ಸುಮಾರು 16 ಸೆಲ್ಸಿಯಸ್) ಕೆಳಗೆ ಬಿಡಲೇಬೇಡಿ. ಗ್ಲಾಕ್ಸಿನಿಯಾ ಎಲೆ ಒಣಗಿಸಿಕೊಂಡರೆ ಸತ್ತಿಲ್ಲ, ಗಡ್ಡೆ ಮಲಗಿದೆ. ಕುಂಡವನ್ನು ಬೀರುವಿನಲ್ಲಿಟ್ಟು ತಿಂಗಳಿಗೊಮ್ಮೆ ಒಂದು ಚಮಚ ನೀರು ಹಾಕಿ, ಚಿಗುರು ಕಂಡಾಗ ಹೊರಗೆ ತನ್ನಿ. ನಿಮ್ಮ ಕರಿಬೇವೂ ಹಾಗೆಯೇ ನಿದ್ದೆ ಮಾಡುತ್ತಿರಬಹುದು. ಉಗುರಿನಿಂದ ತೊಗಟೆ ಗೀರಿ ನೋಡಿ. ಒಳಗೆ ಹಸಿರಿದ್ದರೆ ಅಲ್ಪಸ್ವಲ್ಪ ನೀರು ಕೊಟ್ಟು ಬಿಟ್ಟುಬಿಡಿ, ಏಪ್ರಿಲ್‌ನಲ್ಲಿ ಒಗ್ಗರಣೆಗೆ ಎಲೆ ಸಿಗುತ್ತದೆ.

ಬೇಜಾರಾಗಿ ಈ ವಾರವೇ ಹೊಸ ಗಿಡ ತರಲು ಹೋಗಬೇಡಿ. ಒಮ್ಮೆ ನಾನು ಜನವರಿಯಲ್ಲಿ ಗಿಡ ಕೊಂಡು, ಕಾರಿನಲ್ಲೇ ಬಿಟ್ಟು, ದಿನಸಿ ತರಲು ಹೋದೆ. ಇಪ್ಪತ್ತು ನಿಮಿಷ ಅಷ್ಟೇ. ಬಂದು ನೋಡಿದರೆ ಎಲೆಗಳೆಲ್ಲ ಬೇಯಿಸಿದ ಬಸಳೆ ಸೊಪ್ಪು! ತರಲೇಬೇಕಾದರೆ ಕಾರು ಮೊದಲೇ ಬಿಸಿ ಮಾಡಿ, ಗಿಡಕ್ಕೆ ಎರಡು ಪದರ ಕಾಗದದ ಚೀಲ ಸುತ್ತಿ, ಡಿಕ್ಕಿಯಲ್ಲಿ ಹಾಕದೆ ಕಾಲ ಹತ್ತಿರ ಇಟ್ಟುಕೊಂಡು ಸೀದಾ ಮನೆಗೆ ಬನ್ನಿ.

ಮೂರೂ ಗಿಡದ ಬೇರಿನ ಫೋಟೋ ಇವತ್ತು ಸಂಜೆಯೊಳಗೆ ಇಲ್ಲಿ ಹಾಕಿ, ಎಲ್ಲಿಗೆ ಕತ್ತರಿಸಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಮೂರೂ ಹೋದರೆ ನನ್ನ ಹತ್ತಿರ ನೀಲಿ, ಗುಲಾಬಿ ಎರಡರ ಮರಿಗಳೂ ಇವೆ. ಏಪ್ರಿಲ್‌ನಲ್ಲಿ ಬಂದು ತಗೊಂಡು ಹೋಗಿ.